ಪಾತ್ರ ಕಿರುತೆರೆಯಲ್ಲಿ, ಹೆಸರು ಬೆಳ್ಳಿತೆರೆಯಲ್ಲಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಒಬ್ಬ ಮನುಷ್ಯನಿಗೆ ಒಂದೇ ಹೆಸರು ಸಾಲುವುದಿಲ್ಲ. ಒಂದೇ ಬೀದಿಯಲ್ಲಿ ನಾಲ್ವರು ಮಂಜಣ್ಣಂದಿರಿದ್ದರೆ ಒಬ್ಬ ಅಡಿಕೆ ಮಂಜಣ್ಣ, ಇನ್ನೊಬ್ಬ ಹೋಟ್ಲು ಮಂಜಣ್ಣ, ಮತ್ತೊಬ್ಬ ಟೈಲರ್ ಮಂಜಣ್ಣ. ನಾಲ್ಕನೆಯವನು ಯಾವುದೋ ಕಾಲದಲ್ಲಿ ಊರ ನಾಟಕದಲ್ಲಿ ಶಕುನಿಯ ಪಾರ್ಟು ಮಾಡಿದ್ದರೆ ಮುಗಿಯಿತು, ಸಾಯುವವರೆಗೂ ಅವನು ಶಕುನಿ ಮಂಜಣ್ಣ. ಊರು ಬಿಟ್ಟು ಹೋದವರಿಗೆ ಊರೇ ಹೆಸರಾಗುತ್ತದೆ. ವಿದ್ವಾಂಸ ರಹಮತ್ ತರೀಕೆರೆ, ಲೇಖಕ ಅಜ್ಜಂಪುರ ಜಿ. ಸೂರಿ ಅವರ ಹೆಸರುಗಳನ್ನು ಓದುಗರು ಬಲ್ಲರು.

ಕನ್ನಡದ ಹಾಸ್ಯ ಕಲಾವಿದರ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ, ಪಾಪ ಪಾಂಡು ಶಾಲಿನಿ, ಸಿಲ್ಲಿ ಲಲ್ಲಿ ರವಿಶಂಕರ್, ಕಾಮಿಡಿ ಟೈಮ್ ಗಣೇಶ್. ಇಲ್ಲಿ ಸಿಹಿಕಹಿ ಎಂಬುದು ಊರಲ್ಲ, ಪಾಪ ಪಾಂಡು ಎಂಬುದು ಮನೆತನವೂ ಅಲ್ಲ. ಇವೆಲ್ಲ ಟಿ.ವಿ.ಯಲ್ಲಿ ಬಂದ ಕಾರ್ಯಕ್ರಮಗಳ ಹೆಸರುಗಳು. ಧಾರಾವಾಹಿ ಮುಗಿದು ವರ್ಷಗಳೇ ಕಳೆದರೂ ಹೆಸರು ಮಾತ್ರ ನಟರ ಬೆನ್ನು ಬಿಡಲಿಲ್ಲ. ಸಿನಿಮಾದ ಟೈಟಲ್ ಕಾರ್ಡಿನವರೆಗೂ ಹಿಂಬಾಲಿಸಿತು.

ಇದರಲ್ಲೊಂದು ಸೋಜಿಗವಿದೆ. ಇಂಗ್ಲೆಂಡಿನಲ್ಲಿ, ಹಿಂದಿಯಲ್ಲಿ ಟಿ.ವಿ.ಯ ಹಾಸ್ಯಪಾತ್ರಗಳು ತಾವೇ ಎದ್ದು ಸಿನಿಮಾಕ್ಕೆ ನಡೆದು ಹೋಗಿವೆ. ಮಿಸ್ಟರ್ ಬೀನ್ ಹೋದ, ಖಿಚಡಿ ಮನೆಯವರು ಹೋದರು, ಆಫೀಸ್ ಆಫೀಸ್‌ನ ಮುಸದ್ದಿಲಾಲ್ ಹೋದ. ಕನ್ನಡದಲ್ಲಿ ಪಾತ್ರ ಕಿರುತೆರೆಯಲ್ಲೇ ಉಳಿದು, ಅದರ ಹೆಸರು ಹೊತ್ತ ನಟ ಮಾತ್ರ ಬೆಳ್ಳಿತೆರೆಗೆ ಹೋದದ್ದೇ ಹೆಚ್ಚು. ಹೀಗೇಕಾಯಿತು? ಉತ್ತರಕ್ಕೆ ಟಿ.ವಿ.ಗಿಂತ ಹಿಂದಕ್ಕೆ, ಕಂಪನಿ ನಾಟಕದ ಕಾಲಕ್ಕೆ ಹೋಗಬೇಕಾಗುತ್ತದೆ.

ಒಂದೇ ರೈಲು ಹಳಿಯ ನಗೆಗಾರರು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಹಳೆಯ ರೈಲು ಮಾರ್ಗವನ್ನು ನೆನಪಿಸಿಕೊಳ್ಳಿ. ತುಮಕೂರು ದಾಟಿದರೆ ಗುಬ್ಬಿ, ಆಮೇಲೆ ತಿಪಟೂರು, ಅರಸೀಕೆರೆ, ಕಡೂರು, ಬೀರೂರು. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ. ಕನ್ನಡ ಹಾಸ್ಯದ ಚರಿತ್ರೆಯ ಒಂದು ದೊಡ್ಡ ಭಾಗ ಈ ಹಳಿಯ ಮೇಲೆಯೇ ಇದೆ. ಗುಬ್ಬಿ ವೀರಣ್ಣನವರ ಊರು ಗುಬ್ಬಿ. 'ಹಾಸ್ಯ ಚಕ್ರವರ್ತಿ' ನರಸಿಂಹರಾಜು ತಿಪಟೂರಿನವರು. ಬಾಲಕೃಷ್ಣ ಹುಟ್ಟಿದ್ದು ಅರಸೀಕೆರೆಯಲ್ಲಿ. ಪರದೆ, ಪೆಟ್ಟಿಗೆ, ದೀಪದ ಸಾಮಾನುಗಳನ್ನೆಲ್ಲ ಹೊತ್ತು ಊರೂರು ತಿರುಗುತ್ತಿದ್ದ ನಾಟಕ ಕಂಪನಿಗಳಿಗೆ ರೈಲಿನಷ್ಟು ಅನುಕೂಲದ ವಾಹನ ಬೇರೆ ಇರಲಿಲ್ಲ. ಕ್ಯಾಂಪಿಗೆ ಬೇಕಾದ್ದು ಸಂತೆ, ಜಾತ್ರೆ, ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಜನ. ಈ ಹಳಿಯ ಉದ್ದಕ್ಕೂ ಅವು ಇದ್ದವು.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣ ಹುಟ್ಟಿದ್ದು 1891ರಲ್ಲಿ. ಬಾಲನಟನಾಗಿ ಸೇರಿದ ಕಂಪನಿಗೆ ಅವರೇ ಮುಂದೆ ಒಡೆಯರಾದರು. ಆದರೂ ಅವರು ಕಟ್ಟಿಕೊಂಡ ಕಿರೀಟ ರಾಜನದ್ದಲ್ಲ, ಹಾಸ್ಯಗಾರನದ್ದು. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೆ ನಾಡಿನ ತುಂಬ ಹೆಸರು ತಂದಿತು. ರಾಜಕುಮಾರ, ಸದಾರಮೆ ಇವರ ಕಥೆ ಯಾರಿಗೂ ಹೊಸದಾಗಿರಲಿಲ್ಲ. ಜನ ಕಾಯುತ್ತಿದ್ದದ್ದು ಕಳ್ಳ ಯಾವಾಗ ಬರುತ್ತಾನೆ, ಇವತ್ತು ಏನು ಹೇಳುತ್ತಾನೆ ಎಂದು.

ಇಲ್ಲಿ 'ಇವತ್ತು' ಎಂಬ ಮಾತು ಮುಖ್ಯ. ಕಂಪನಿ ನಾಟಕದಲ್ಲಿ ರಾಜನ ಮಾತು, ರಾಣಿಯ ಹಾಡು ಊರಿಂದ ಊರಿಗೆ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ಹಾಸ್ಯಗಾರನ ಮಾತು. ಕ್ಯಾಂಪ್ ಹಾಕಿದ ಊರಿನ ರಸ್ತೆ, ಸಂತೆ, ಅಮಲ್ದಾರರ ಕಚೇರಿ, ಆ ವಾರದ ಮಳೆ ಎಲ್ಲವೂ ಅವನ ಮಾತಿಗೆ ಸಾಮಾನು. ತರೀಕೆರೆ ಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ನಾಲಿಗೆ ಹೊರಳದ ಮಾತನ್ನು ಕನ್ನಡದ ಮಕ್ಕಳೆಲ್ಲ ಹೇಳಿ ಸೋತವರೇ. ಇಂಥ ಮಾತೊಂದನ್ನು ರಂಗದ ಮೇಲೆ ಯಾರಾದರೂ ತೊದಲಿ ಹೇಳಿದರೆ ತರೀಕೆರೆಯಲ್ಲಿ ಬೀಳುವ ಚಪ್ಪಾಳೆಯೇ ಬೇರೆ, ತಿಪಟೂರಿನಲ್ಲಿ ಬೀಳುವುದೇ ಬೇರೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ದಶಕಗಟ್ಟಲೆ ನಡೆದದ್ದಕ್ಕೂ ಇದೇ ಕಾರಣ. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿ ರಾತ್ರಿಯ ನಾಟಕದಲ್ಲಿ ಮಾತಾಗಿ ಬರುತ್ತಿತ್ತು.

ಈ ಕಳ್ಳನೇ ಸಿನಿಮಾಕ್ಕೂ ಹೋದ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ. ಮರುವರ್ಷವೇ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ 'ಸದಾರಮೆ' ಚಿತ್ರವಾಯಿತು. ಗುಬ್ಬಿ ವೀರಣ್ಣನವರೂ ಅದರಲ್ಲಿ ನಟಿಸಿದರು. ಹಾಗೆ ನೋಡಿದರೆ ಜನಪ್ರಿಯ ಹಾಸ್ಯಪಾತ್ರವೊಂದನ್ನು ಬೇರೊಂದು ಮಾಧ್ಯಮದಿಂದ ಸಿನಿಮಾಕ್ಕೆ ಒಗ್ಗಿಸುವ ಕೆಲಸವನ್ನು ಕನ್ನಡ ಚಿತ್ರರಂಗ ತನ್ನ ಹುಟ್ಟಿನ ದಿನಗಳಲ್ಲೇ ಕೈಗೆತ್ತಿಕೊಂಡಿತ್ತು. ಆದರೆ ಫಿಲ್ಮಿನ ರೀಲಿಗೆ ಊರು ಗೊತ್ತಿಲ್ಲ. ಸ್ಟುಡಿಯೋದಲ್ಲಿ ಒಮ್ಮೆ ಆಡಿದ ಮಾತೇ ಎಲ್ಲ ಊರಿನಲ್ಲೂ ಕೊನೆಯ ಮಾತು. ಎದುರಿಗೆ ನಗುವ ಜನರಿಲ್ಲ. ನಗು ನಿಲ್ಲುವವರೆಗೆ ಕಾಯುವ ಅವಕಾಶವಿಲ್ಲ. ಹಾಸ್ಯಗಾರ ಊರೂರಿಗೆ ಬದಲಿಸಿ ಆಡುತ್ತಿದ್ದ ಪಾತ್ರ ಇಲ್ಲಿ ಒಂದೇ ಅಚ್ಚಿಗೆ ಬಿತ್ತು.

ಅಡ್ಡ ಕಥೆಯ ಒಡೆಯರು

1954ರಲ್ಲಿ ಬಂದ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ರಾಜಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿದ ಹಾಗೆಯೇ ನರಸಿಂಹರಾಜು ಅವರನ್ನೂ ಕನ್ನಡಿಗರ ಮನೆಮಾತಾಗಿಸಿತು. ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿ ಬಂದವರು. ಅಲ್ಲಿಂದ ಮುಂದಿನ ಎರಡು ದಶಕ ನರಸಿಂಹರಾಜು ಇಲ್ಲದ ಚಿತ್ರ ಅಪರೂಪ. ಆದರೆ ಈ ಅವಧಿಯಲ್ಲೇ ಕನ್ನಡ ಸಿನಿಮಾದ ಹಾಸ್ಯಕ್ಕೆ ಒಂದು ಜಾಗ ಗೊತ್ತಾಗಿಹೋಯಿತು. ನಾಯಕನ ಕಥೆ ಒಂದು ಕಡೆ, ಹಾಸ್ಯದ ಅಡ್ಡ ಕಥೆ ಇನ್ನೊಂದು ಕಡೆ. ಊಟದ ಎಲೆಯಲ್ಲಿ ಉಪ್ಪಿನಕಾಯಿಗೆ ಜಾಗವಿದ್ದ ಹಾಗೆ. ಅದಿಲ್ಲದೆ ಊಟ ರುಚಿಸದು, ಅದೊಂದನ್ನೇ ಬಡಿಸಿದರೆ ಯಾರೂ ಎಲೆಯ ಮುಂದೆ ಕೂರರು ಎಂಬ ಲೆಕ್ಕ.

ಈ ಲೆಕ್ಕವನ್ನು ಮೀರಬೇಕೆಂದವರು ತಮ್ಮ ಕೈಯಿಂದಲೇ ದುಡ್ಡು ಹಾಕಬೇಕಾಯಿತು. ನರಸಿಂಹರಾಜು 'ಪ್ರೊಫೆಸರ್ ಹುಚ್ಚೂರಾಯ' (1974) ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯ ಪಾತ್ರ ವಹಿಸಿದರು. ದ್ವಾರಕೀಶ್ 'ಕುಳ್ಳ ಏಜೆಂಟ್ 000' (1972) ಚಿತ್ರದಲ್ಲಿ ನಾಯಕರಾದರು. ದ್ವಾರಕೀಶ್ ಅವರ ಜಾಣತನ ಇನ್ನೂ ಒಂದಿತ್ತು. ಜನ ತಮ್ಮನ್ನು ಕರೆಯುತ್ತಿದ್ದ 'ಕುಳ್ಳ' ಎಂಬ ಹೆಸರನ್ನೇ ಅವರು ಬಂಡವಾಳ ಮಾಡಿಕೊಂಡರು. 'ಕುಳ್ಳ ಕುಳ್ಳಿ', 'ಪ್ರಚಂಡ ಕುಳ್ಳ' ಹೀಗೆ ಚಿತ್ರದಿಂದ ಚಿತ್ರಕ್ಕೆ ಕಥೆ ಬದಲಾದರೂ ಕುಳ್ಳ ಬದಲಾಗಲಿಲ್ಲ. ಪಾತ್ರಕ್ಕಿಂತ ನಟನ ಗುರುತೇ ಮುಂದೆ ಸಾಗುವ ಕನ್ನಡದ ರೂಢಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅರ್ಧ ಗಂಟೆಯ ಮನುಷ್ಯ

ಟಿ.ವಿ. ಬಂದ ಮೇಲೆ ಹಾಸ್ಯಪಾತ್ರದ ಸ್ವಭಾವವೇ ಬೇರೆಯಾಯಿತು. ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಅರ್ಧ ಗಂಟೆ ಮನೆಗೆ ಬಂದು ಹೋಗುವ ಮನುಷ್ಯ ಅವನು. ಅವನಿಗಿರುವ ಮೊದಲ ಕಟ್ಟುಪಾಡು ಎಂದರೆ ಬದಲಾಗಬಾರದು. ಜಿಪುಣ ಜಿಪುಣನಾಗಿಯೇ, ಪೆದ್ದ ಪೆದ್ದನಾಗಿಯೇ ಇರಬೇಕು. ಈ ವಾರ ಪೆಟ್ಟು ತಿಂದು ಬುದ್ಧಿ ಕಲಿತರೆ ಮುಂದಿನ ವಾರ ಕಥೆಯೇ ಇಲ್ಲ. ಪಕ್ಕದ ಮನೆಯವರ ಸ್ವಭಾವ ನಮಗೆ ಗೊತ್ತಿರುವಂತೆ ಅವನ ಸ್ವಭಾವವೂ ನೋಡುವವರಿಗೆ ಗೊತ್ತು. ಬಾಗಿಲು ತೆರೆದು ಒಳಗೆ ಬಂದರೆ ಸಾಕು, ಇನ್ನೂ ಬಾಯಿ ಬಿಡುವ ಮೊದಲೇ ನಗು ಶುರು.

ಸಿನಿಮಾದ ಕಟ್ಟುಪಾಡು ಇದಕ್ಕೆ ತಿರುವುಮುರುವು. ಎರಡು, ಎರಡೂವರೆ ಗಂಟೆಯ ಕಥೆಯಲ್ಲಿ ಮುಖ್ಯ ಪಾತ್ರಕ್ಕೆ ಏನಾದರೂ ಆಗಬೇಕು. ಅವನು ಏನನ್ನೋ ಬಯಸಬೇಕು, ಪಡೆಯಬೇಕು ಅಥವಾ ಕಳೆದುಕೊಳ್ಳಬೇಕು. ಮೊದಲಿನಂತೆಯೇ ಉಳಿದರೆ ಕಥೆ ನಡೆದಂತಾಗುವುದಿಲ್ಲ; ಬದಲಾದರೆ ಅವನು ನಾವು ಬಲ್ಲ ಮನುಷ್ಯನಲ್ಲ. ಕಿರುತೆರೆಯ ಹಾಸ್ಯಪಾತ್ರವನ್ನು ಸಿನಿಮಾಕ್ಕೆ ತರುವವರೆಲ್ಲ ಎದುರಿಸುವ ಮೊದಲ ಇಕ್ಕಟ್ಟು ಇದು.

ಎರಡನೆಯ ಇಕ್ಕಟ್ಟು ಜಾಗದ್ದು. ಹಾಸ್ಯ ಧಾರಾವಾಹಿ ಬದುಕುವುದು ಒಂದು ಹಜಾರದಲ್ಲಿ, ಒಂದು ಸೋಫಾದ ಸುತ್ತ. ಅದೇ ಹಜಾರವನ್ನು ಚಿತ್ರಮಂದಿರದ ತೆರೆಯ ಮೇಲೆ ತೋರಿಸಿದರೆ ಜನ ಒಪ್ಪರು. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ 'ಆನ್ ದ ಬಸಸ್', 'ಡ್ಯಾಡ್ಸ್ ಆರ್ಮಿ', 'ಆರ್ ಯು ಬೀಯಿಂಗ್ ಸರ್ವ್ಡ್' ಮುಂತಾದ ಟಿ.ವಿ. ಹಾಸ್ಯಗಳು ಸಾಲಾಗಿ ಸಿನಿಮಾಗಳಾದವು. ಅಂಗಡಿಯೊಂದರ ನೌಕರರ ಕಥೆಯಾದ 'ಆರ್ ಯು ಬೀಯಿಂಗ್ ಸರ್ವ್ಡ್' 1977ರಲ್ಲಿ ಸಿನಿಮಾ ಆದಾಗ ನಿರ್ಮಾಪಕರಿಗೆ ಹೊಳೆದ ಉಪಾಯ ಆ ನೌಕರರನ್ನೆಲ್ಲ ಪರದೇಶಕ್ಕೆ ಪ್ರವಾಸ ಕಳಿಸುವುದು. ಅಂಗಡಿ ಇಲ್ಲದ ಅಂಗಡಿಯವರು! ಬೇರು ಬಿಟ್ಟ ಗಿಡವನ್ನು ಕಿತ್ತು ಕುಂಡದಲ್ಲಿಟ್ಟಂತಾಯಿತು.

ಮೂರನೆಯದು ದುಡ್ಡಿನ ಪ್ರಶ್ನೆ. ಮನೆಯಲ್ಲಿ ಕಾಲು ಚಾಚಿ ಪುಕ್ಕಟೆ ನೋಡುವುದನ್ನು ಟಿಕೆಟ್ ಕೊಂಡು ಹೋಗಿ ಏಕೆ ನೋಡಬೇಕು? ಈ ಪ್ರಶ್ನೆಗೆ ಉತ್ತರ ಕೊಡಲಾಗದ ಚಿತ್ರ ಎಷ್ಟೇ ಜನಪ್ರಿಯ ಪಾತ್ರವನ್ನಿಟ್ಟುಕೊಂಡರೂ ಸೋಲುತ್ತದೆ.

ಬೀನ್ ಬಾಯಿ ಬಿಟ್ಟಾಗ

ಈ ಮೂರನ್ನೂ ದಾಟಿದ ಉದಾಹರಣೆ ಮಿಸ್ಟರ್ ಬೀನ್. ರೋವನ್ ಅಟ್ಕಿನ್‌ಸನ್ ಅವರ ಈ ಪಾತ್ರ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಮೊದಲು ಕಂಡದ್ದು 1990ರ ಜನವರಿ 1ರಂದು. ಒಟ್ಟು ಕಂತುಗಳು ಕೇವಲ 15. ಆದರೂ ಜಗತ್ತಿಗೆಲ್ಲ ಅವನು ಪರಿಚಿತನಾದದ್ದು ಅವನು ಹೆಚ್ಚು ಕಡಿಮೆ ಮಾತಾಡದೇ ಇದ್ದುದರಿಂದ. ಭಾಷೆಯ ಸುಂಕದ ಕಟ್ಟೆ ಅವನಿಗೆ ಎಲ್ಲಿಯೂ ಎದುರಾಗಲಿಲ್ಲ.

1997ರಲ್ಲಿ ಮೆಲ್ ಸ್ಮಿತ್ 'ಬೀನ್' ಚಿತ್ರ ನಿರ್ದೇಶಿಸಿದಾಗ ಚಿತ್ರಕಥೆ ಬರೆದ ರಿಚರ್ಡ್ ಕರ್ಟಿಸ್ ಮತ್ತು ರಾಬಿನ್ ಡ್ರಿಸ್ಕಾಲ್ ಮಾಡಿದ್ದು ಇಷ್ಟು: ಬೀನ್‌ನನ್ನು ಲಂಡನ್ನಿನ ಚಿತ್ರಶಾಲೆಯೊಂದರ ಕಾವಲುಗಾರನನ್ನಾಗಿ ಮಾಡಿ, ಅವನ ಕಾಟ ತಡೆಯಲಾರದ ಮೇಲಿನವರು ಅವನನ್ನು ದೊಡ್ಡ ಪಂಡಿತನೆಂದು ಹೇಳಿ ಲಾಸ್ ಏಂಜಲಿಸ್‌ಗೆ ಸಾಗಹಾಕುವಂತೆ ಮಾಡಿದರು. ಬೀನ್ ಬದಲಾಗಲಿಲ್ಲ, ಬದಲಾದದ್ದು ಅವನನ್ನು ಮನೆಯಲ್ಲಿಟ್ಟುಕೊಂಡ ಅಮೆರಿಕದ ಸಂಸಾರ. ಕೆಲಸ ಹೋಗುವುದು, ಹೆಂಡತಿ ಮಕ್ಕಳು ಮನೆ ಬಿಡುವುದು, ಮಗಳ ಅಪಘಾತ, ಈ ಎಲ್ಲ ಕಷ್ಟ ಆ ಸಂಸಾರದ ಯಜಮಾನನಿಗೆ. ಸಿನಿಮಾ ಕೇಳುವ ಏರಿಳಿತವನ್ನು ಹೀಗೆ ಇನ್ನೊಬ್ಬನ ಹೆಗಲಿಗೆ ದಾಟಿಸಲಾಯಿತು. ವಿಸ್ಲರ್ ಬರೆದ ತನ್ನ ತಾಯಿಯ ಚಿತ್ರವನ್ನು ಬೀನ್ ಹಾಳುಮಾಡಿ, ಕೊನೆಗೆ ಅದರ ಮುಂದೆ ನಿಂತು ಭಾಷಣ ಮಾಡಬೇಕಾಗಿ ಬರುತ್ತದೆ. ಮೌನಿಯಾದವನು ಬಾಯಿ ಬಿಡುತ್ತಾನೆ. ಟಿ.ವಿ.ಯಲ್ಲಿ ಎಂದೂ ಸಿಗದ ಆ ಒಂದು ಘಳಿಗೆಗಾಗಿ ಟಿಕೆಟ್ಟಿನ ದುಡ್ಡು ಕೊಡಬಹುದಿತ್ತು. 2007ರಲ್ಲಿ ಬಂದ 'ಮಿಸ್ಟರ್ ಬೀನ್ಸ್ ಹಾಲಿಡೇ' ಅವನನ್ನು ಫ್ರಾನ್ಸಿಗೆ ಕಳಿಸಿ ಮತ್ತೆ ಮೌನಕ್ಕೆ ಮರಳಿಸಿತು.

ನಮ್ಮ ದೇಶದಲ್ಲಿ ಸ್ಟಾರ್ ಪ್ಲಸ್‌ನಲ್ಲಿ 2002ರಲ್ಲಿ ಶುರುವಾದ 'ಖಿಚಡಿ' ಎಂಟು ವರ್ಷಗಳ ಮೇಲೆ, 2010ರಲ್ಲಿ, ಆತಿಶ್ ಕಪಾಡಿಯಾ ನಿರ್ದೇಶನದಲ್ಲಿ ಸಿನಿಮಾ ಆಯಿತು. ಪ್ರಫುಲ್, ಹಂಸಾ, ಬಾಪೂಜಿ, ಹಿಮಾಂಶು ಯಾರೊಬ್ಬರ ಪೆದ್ದುತನವೂ ಎಳ್ಳಷ್ಟು ಕಡಿಮೆಯಾಗಲಿಲ್ಲ. ಹಿಮಾಂಶುವಿನ ಪ್ರೇಮ ಪ್ರಕರಣವೊಂದನ್ನು ಇಟ್ಟು, ಇವರಷ್ಟೇ ವಿಚಿತ್ರವಾದ ಪಂಜಾಬಿ ಕುಟುಂಬವೊಂದನ್ನು ಎದುರಿಗೆ ತಂದರು. ಆ ಮನೆಯ ಮೇಲೆ ಜನರಿಗಿದ್ದ ಅಕ್ಕರೆ ಎಷ್ಟೆಂದರೆ 2023ರಲ್ಲಿ ಎರಡನೆಯ ಚಿತ್ರವೂ ಬಂತು.

ಮುಸದ್ದಿಲಾಲ್ ಮತ್ತು ತಬರಶೆಟ್ಟಿ

ಸಬ್ ಟಿ.ವಿ.ಯಲ್ಲಿ 2001ರಲ್ಲಿ ಆರಂಭವಾದ 'ಆಫೀಸ್ ಆಫೀಸ್'ನ ಮುಸದ್ದಿಲಾಲ್‌ನದು ಇನ್ನೊಂದು ಬಗೆ. ಪಂಕಜ್ ಕಪೂರ್ ಅಭಿನಯಿಸಿದ ಈ ಸಾಮಾನ್ಯ ಮನುಷ್ಯ ವಾರಕ್ಕೊಂದು ಸರ್ಕಾರಿ ಕಚೇರಿಗೆ ಹೋಗುತ್ತಾನೆ. ಕಚೇರಿ ಯಾವುದಾದರೂ ಇರಲಿ, ಅಲ್ಲಿ ಕೂತಿರುವುದು ಅದೇ ಲಂಚಕೋರ ನೌಕರರ ಗುಂಪು. 2011ರಲ್ಲಿ ಬಂದ 'ಚಲಾ ಮುಸದ್ದಿ ಆಫೀಸ್ ಆಫೀಸ್' ಚಿತ್ರದಲ್ಲಿ ಅವನು ನಿವೃತ್ತ. ಕಡತದಲ್ಲಿ ಅವನು ಸತ್ತಿದ್ದಾನೆಂದು ಬರೆದು ಪಿಂಚಣಿ ನಿಲ್ಲಿಸಿದ್ದಾರೆ. ಬದುಕಿದ್ದೇನೆಂದು ಸಾಬೀತು ಮಾಡಲು ಅವನು ಕಂಬದಿಂದ ಕಂಬಕ್ಕೆ ಸುತ್ತಬೇಕು. ಧಾರಾವಾಹಿಗೆ ಸಿಕ್ಕ ಪ್ರೀತಿ ಚಿತ್ರಕ್ಕೆ ಸಿಗಲಿಲ್ಲ.

ಏಕೆಂಬುದನ್ನು ಚಿಕ್ಕಮಗಳೂರು ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪಿಂಚಣಿಗಾಗಿ ಕಚೇರಿ ಸುತ್ತಿದ ಇನ್ನೊಬ್ಬನನ್ನು ಈ ಜಿಲ್ಲೆ ಬಹಳ ಮೊದಲೇ ಕಂಡಿದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಸೃಷ್ಟಿಸಿದ ತಬರ ಅವನು. ಗಿರೀಶ ಕಾಸರವಳ್ಳಿ 'ತಬರನ ಕಥೆ'ಯನ್ನು ಚಿತ್ರ ಮಾಡಿದಾಗ 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ತಬರಶೆಟ್ಟಿಯಾಗಿದ್ದ ಚಾರುಹಾಸನ್ ಅತ್ಯುತ್ತಮ ನಟರಾದರು. ಕಾಯಿಲೆಯ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು ಮೇಜಿನಿಂದ ಮೇಜಿಗೆ ಅಲೆಯುವ ತಬರನ ಪಾಡಿನಲ್ಲಿ ನಗೆಗೆ ಬೇಕಾದದ್ದೆಲ್ಲ ಇದೆ. ಅದೇ ಗುಮಾಸ್ತರು, ಅದೇ ಅರ್ಜಿ, ಅದೇ 'ನಾಳೆ ಬಾ'. ಆದರೆ ಎರಡು ಗಂಟೆ ಒಬ್ಬ ಮನುಷ್ಯನ ಜೊತೆ ಕತ್ತಲಲ್ಲಿ ಕೂತು ನೋಡಿದ ಮೇಲೆ ಅವನನ್ನು ನೋಡಿ ನಗಲು ಮನಸ್ಸು ಬಾರದು.

ಅರ್ಧ ಗಂಟೆಯಲ್ಲಿ ಮುಸದ್ದಿಲಾಲ್ ನಮಗೆ ತಮಾಷೆ. ಎರಡು ಗಂಟೆಯಲ್ಲಿ ಅವನು ತಬರನಾಗಿಬಿಡುತ್ತಾನೆ. ಚಾರ್ಲಿ ಚಾಪ್ಲಿನ್ ಇದನ್ನು ಒಂದು ನೂರು ವರ್ಷಗಳ ಹಿಂದೆಯೇ ಅರಿತಿದ್ದ. 1914ರಿಂದ ಪುಟ್ಟ ಪುಟ್ಟ ಚಿತ್ರಗಳಲ್ಲಿ ಬಿದ್ದು ಎದ್ದು ನಗಿಸುತ್ತಿದ್ದ ತನ್ನ ಅಲೆಮಾರಿಯನ್ನು 1921ರಲ್ಲಿ 'ದಿ ಕಿಡ್' ಎಂಬ ದೊಡ್ಡ ಚಿತ್ರಕ್ಕೆ ತಂದಾಗ ಅವನ ಕೈಗೊಂದು ಅನಾಥ ಮಗುವನ್ನು ಕೊಟ್ಟ. ನಗೆಗಾರನಿಗೆ ಕಳೆದುಕೊಳ್ಳಲು ಏನಾದರೂ ಇದ್ದಾಗ ಮಾತ್ರ ದೊಡ್ಡ ಚಿತ್ರದ ಭಾರವನ್ನು ಅವನು ಹೊರಬಲ್ಲ. ಮುಸದ್ದಿಯ ಚಿತ್ರ ನಗೆಯನ್ನೂ ಬಿಡಲಾರದೆ ನೋವನ್ನೂ ಪೂರ್ತಿ ಹಿಡಿಯಲಾರದೆ ನಡುವೆ ನಿಂತಿತು.

ವಠಾರದಿಂದ ಹಜಾರಕ್ಕೆ

ಇನ್ನು ಕನ್ನಡದ ಕಿರುತೆರೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. 80ರ ದಶಕದಲ್ಲಿ ಬಂದ 'ಸಿಹಿಕಹಿ' ಧಾರಾವಾಹಿ ಚಂದ್ರು ಮತ್ತು ಗೀತಾ ಅವರಿಗೆ ಶಾಶ್ವತವಾಗಿ ಹೆಸರು ಕೊಟ್ಟಿತು. ಅದರ ಮೊದಲೇ, ರಂಗಭೂಮಿಯಲ್ಲಿ 'ಮುಖ್ಯಮಂತ್ರಿ' ನಾಟಕದ ಪಾತ್ರದಿಂದ ಇನ್ನೊಬ್ಬ ಚಂದ್ರು 'ಮುಖ್ಯಮಂತ್ರಿ ಚಂದ್ರು' ಆಗಿದ್ದರು. ರೂಢಿ ಹೊಸದಲ್ಲ, ಪೆಟ್ಟಿಗೆ ಹೊಸದು ಅಷ್ಟೆ.

ವಿಶೇಷವೆಂದರೆ, ಟಿ.ವಿ. ಹಾಸ್ಯದ ಅಚ್ಚು ಕನ್ನಡದಲ್ಲಿ ಸೊಗಸಾಗಿ ಮೂಡಿದ್ದು ಒಂದು ಸಿನಿಮಾದಲ್ಲಿ. ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' (1990) ಚಿತ್ರದ ವಠಾರವನ್ನು ಓದುಗರು ನೆನಪಿಸಿಕೊಳ್ಳಬಹುದು. ಒಂದೇ ವಠಾರ, ಹಲವು ಸಂಸಾರ, ಮನೆ ಮಾಲೀಕನ ಜೊತೆ ಬಾಡಿಗೆದಾರರ ದಿನನಿತ್ಯದ ಜಟಾಪಟಿ. ಎದುರೆದುರು ಜಗಳವಾಡುವ ಅನಂತನಾಗ್, ವಿನಯಾಪ್ರಸಾದ್ ಜೋಡಿ ಒಬ್ಬರಿಗೊಬ್ಬರು ಗುರುತು ಸಿಗದೆ ಪತ್ರದಲ್ಲಿ ಪ್ರೇಮಿಸುತ್ತಾರೆ. ಮುಂದೆ 'ಗೌರಿ ಗಣೇಶ', 'ಗಣೇಶ ಸುಬ್ರಹ್ಮಣ್ಯ' ಎಂದು ಗಣೇಶನ ಹೆಸರಿನ ಚಿತ್ರಗಳು ಬಂದವು. ಕಥೆ ಬೇರೆ, ವಾಸ ಬೇರೆ, ಹೆಸರು ಒಂದೇ. ಇಲ್ಲಿಯೂ ನಡೆದು ಬಂದದ್ದು ಪಾತ್ರಕ್ಕಿಂತ ಹೆಚ್ಚಾಗಿ ಹೆಸರೇ!

1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ವಠಾರ ಮನೆಯ ಹಜಾರಕ್ಕೆ ಇಳಿಯಿತು. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ವಿಜಯ್ ಪ್ರಸಾದ್ ಅವರ 'ಸಿಲ್ಲಿ ಲಲ್ಲಿ' ನಾಡಿನ ಮನೆಮನೆಯನ್ನೂ ತಲುಪಿದವು. ಸಂಜೆ ಅಂಗಡಿ ಬಾಗಿಲು ಎಳೆದವರು, ಅಡಿಕೆ ಸುಲಿದು ಕೈ ತೊಳೆದವರು, ಓದಲು ಕೂರಬೇಕಿದ್ದ ಮಕ್ಕಳು ಎಲ್ಲರಿಗೂ ಶ್ರೀಮತಿಯ ಕೈಗೆ ಸಿಕ್ಕಿಬಿದ್ದ ಪಾಂಡುವಿನ ಪೇಚಾಟ, ಡಾಕ್ಟರ್ ವಿಠಲರಾಯರ ಮಾತು, ಸಮಾಜಸೇವಕಿ ಲಲಿತಾಂಬೆಯ ಸಮಾಜಸೇವೆ ಸಮಾನ ಆಸ್ತಿಯಾಗಿತ್ತು. ಬೈಯುವುದಕ್ಕೂ ಹೊಗಳುವುದಕ್ಕೂ ಈ ಹೆಸರುಗಳು ಬಳಕೆಗೆ ಬಂದವು.

ಆದರೂ ಇವರ ಮನೆ 'ಖಿಚಡಿ'ಯ ಮನೆಯ ಹಾಗೆ ಇಡಿಯಾಗಿ ಚಿತ್ರಮಂದಿರಕ್ಕೆ ಬಂದು ನೆಲೆಯೂರಲಿಲ್ಲ. ಪಾಪ ಪಾಂಡು ಮರಳಿ ಬಂದಾಗಲೂ, 2018ರಲ್ಲಿ, ಬಂದದ್ದು ಟಿ.ವಿ.ಗೇ. ಬೆಳ್ಳಿತೆರೆಗೆ ಬಂದವರು ನಟರು ಮತ್ತು ನಿರ್ದೇಶಕರು. 'ಸಿಲ್ಲಿ ಲಲ್ಲಿ'ಯ ವಿಜಯ್ ಪ್ರಸಾದ್ ನಿರ್ದೇಶಿಸಿದ 'ಸಿದ್ಲಿಂಗು' (2012) ಬೇರೆಯದೇ ಕಥೆ, ಬೇರೆಯದೇ ಜನ. ಅದರ ನಾಯಕ ಯೋಗೀಶ್ ಅವರ ಹೆಸರಿನ ಹಿಂದೆಯೂ ಒಂದು ಪಾತ್ರವಿದೆ ಎಂಬುದು ತಮಾಷೆ. 'ದುನಿಯಾ' (2007) ಚಿತ್ರದ ಲೂಸ್ ಮಾದ ಅವರನ್ನು ಇವತ್ತಿಗೂ ಬಿಟ್ಟಿಲ್ಲ.

ಮಾತು ನಿಂತ ಮಳೆ

ಟಿ.ವಿ.ಯ ನಗೆ ಸಿನಿಮಾವನ್ನು ನಿಜವಾಗಿ ಗೆದ್ದ ಕನ್ನಡದ ಪ್ರಸಂಗ ಗಣೇಶ್ ಅವರದು. ಉದಯ ಟಿ.ವಿ.ಯ 'ಕಾಮಿಡಿ ಟೈಮ್' ಕಾರ್ಯಕ್ರಮದಲ್ಲಿ ಹಳೆಯ ಹೊಸ ಸಿನಿಮಾಗಳ ಹಾಸ್ಯ ದೃಶ್ಯಗಳನ್ನು ತೋರಿಸುತ್ತ, ನಡುನಡುವೆ ಪಟಪಟನೆ ಮಾತಾಡುತ್ತ ಅವರು ಮನೆಮಾತಾದರು. ಸಿನಿಮಾದ ಹಾಸ್ಯ ಟಿ.ವಿ.ಯನ್ನು ಸಾಕುತ್ತಿತ್ತು, ಅದೇ ಟಿ.ವಿ. ಸಿನಿಮಾಕ್ಕೊಬ್ಬ ನಾಯಕನನ್ನು ತಯಾರು ಮಾಡಿತು. 2006ರಲ್ಲಿ ಎಂ.ಡಿ. ಶ್ರೀಧರ್ ಅವರ 'ಚೆಲ್ಲಾಟ'ದಲ್ಲಿ ಗಣೇಶ್ ನಾಯಕರಾದರು. ಅದೇ ವರ್ಷ ಡಿಸೆಂಬರ್ 29ರಂದು ಯೋಗರಾಜ ಭಟ್ಟರ 'ಮುಂಗಾರು ಮಳೆ' ಬಂತು. ಅದು ತಿಂಗಳುಗಟ್ಟಲೆ ಓಡಿದ ಸಂಗತಿ ಎಲ್ಲರಿಗೂ ಗೊತ್ತು.

ಅಲ್ಲಿನ ಪ್ರೀತಮ್ 'ಕಾಮಿಡಿ ಟೈಮ್'ನ ಗಣೇಶನಲ್ಲ. ಆದರೆ ಅವನ ನಾಲಿಗೆ ಅಲ್ಲಿಯದೇ. ಕೇಳುವವರಿರಲಿ ಇಲ್ಲದಿರಲಿ ಅವನು ಮಾತಾಡುತ್ತಾನೆ. ಯಾರೂ ಸಿಗದಿದ್ದರೆ ದೇವದಾಸ ಎಂಬ ಮೊಲದ ಜೊತೆಗಾದರೂ ಮಾತಾಡುತ್ತಾನೆ. ಪ್ರತಿದಿನ ಮನೆಯಲ್ಲಿ ಕೇಳಿದ ದನಿಯಾದ್ದರಿಂದ ನೋಡುವವರಿಗೆ ಮೊದಲ ದೃಶ್ಯದಿಂದಲೇ ಅವನು ನಮ್ಮ ಹುಡುಗ. ಆಮೇಲೆ ಚಿತ್ರ ಚಾಪ್ಲಿನ್ ಮಾಡಿದ್ದನ್ನೇ ಮಾಡುತ್ತದೆ. ಅವನಿಗೆ ಕಳೆದುಕೊಳ್ಳಲು ಒಬ್ಬ ಹುಡುಗಿಯನ್ನು ಕೊಡುತ್ತದೆ. ಇಡೀ ಚಿತ್ರ ಲಬಲಬ ಮಾತಾಡಿದವನು ಆಡಲೇಬೇಕಾದ ಒಂದು ಮಾತನ್ನು ಆಡದೆ ಬಿಡುತ್ತಾನೆ. ಬೀನ್‌ನ ಚಿತ್ರದಲ್ಲಿ ಮೌನಿ ಮಾತಾಡಿದ್ದು ಬೆಲೆಯಾಯಿತು. ಇಲ್ಲಿ ಮಾತುಗಾರ ಮೌನವಾದದ್ದು. ಎರಡೂ ಕಡೆ ಟಿ.ವಿ.ಯ ಗುರುತನ್ನು ಪೂರ್ತಿಯಾಗಿ ಉಳಿಸಿಕೊಂಡು ಒಂದೇ ಒಂದು ಸಲ ಅದನ್ನು ಮುರಿಯಲಾಯಿತು. ಕಿರುತೆರೆಯ ಹಾಸ್ಯವನ್ನು ಹಿರಿತೆರೆಗೆ ಒಗ್ಗಿಸುವ ಗುಟ್ಟು ಏನಾದರೂ ಇದ್ದರೆ ಅದು ಇದೇ.

ಹೆಸರಿನ ಲಾಭ, ಹೆಸರಿನ ಭಾರ

ಎಲ್ಲರಿಗೂ ಈ ಗುಟ್ಟು ಒಲಿಯುವುದಿಲ್ಲ. ಹೆಸರು ಅಂಟಿಕೊಂಡ ನಟನಿಗೆ ಅದು ಅನ್ನವೂ ಹೌದು, ಹಗ್ಗವೂ ಹೌದು. ಆ ಹೆಸರಿಂದಲೇ ಕರೆ ಬರುತ್ತದೆ; ಬಂದ ಕರೆ ಆ ಹೆಸರಿಗೆ ತಕ್ಕ ಚಿಕ್ಕ ಪಾತ್ರಕ್ಕೇ ಆಗಿರುತ್ತದೆ. ಟಿ.ವಿ.ಯಲ್ಲಿ ನೂರಾರು ಕಂತು ಮನೆಯ ಯಜಮಾನನಾಗಿದ್ದವನು ಸಿನಿಮಾದಲ್ಲಿ ನಾಯಕನ ಗೆಳೆಯನಾಗಿ ನಾಲ್ಕು ದೃಶ್ಯದಲ್ಲಿ ಬಂದು ಹೋಗಬೇಕು. ನರಸಿಂಹರಾಜು ಕಾಲದ ಉಪ್ಪಿನಕಾಯಿಯ ಲೆಕ್ಕ ಇನ್ನೂ ತೀರಿಲ್ಲ. ನಟಿಯರ ಪಾಡು ಇನ್ನೂ ಬಿಗಿ. ಧಾರಾವಾಹಿಯಲ್ಲಿ ಹಾಸ್ಯದ ಅರ್ಧ ಭಾರ ಹೊರುವವರು ಅವರೇ; ಸಿನಿಮಾಕ್ಕೆ ಹೋದ ಮೇಲೆ ಹಾಸ್ಯ ಪ್ರಧಾನವಾದ ಮುಖ್ಯ ಪಾತ್ರ ಅವರಿಗೆ ಸಿಗುವುದು ಅಪರೂಪ.

ಪಾತ್ರಕ್ಕೆ ಬದಲು ಹೆಸರು ಮಾತ್ರ ಸಾಗಿದರೆ ನಷ್ಟವಾಗುವುದು ನಟನಿಗಷ್ಟೇ ಅಲ್ಲ, ಬರೆದವನಿಗೂ. ಪಾಂಡುವನ್ನೋ ಲಲಿತಾಂಬೆಯನ್ನೋ ನೂರಾರು ಕಂತು ತಿದ್ದಿ ತೀಡಿದ ಬರಹಗಾರನ ಹೆಸರು ಎಷ್ಟು ಜನಕ್ಕೆ ಗೊತ್ತು? ಬೀನ್, ಖಿಚಡಿಗಳು ಸಿನಿಮಾ ಆದಾಗ ಅವನ್ನು ಮೊದಲಿನಿಂದ ಬರೆದವರೇ ಚಿತ್ರಕಥೆಯನ್ನೂ ಬರೆದರು. ಪಾತ್ರವನ್ನು ಬದಲಿಸದೆ ಅದರ ಸುತ್ತಲಿನ ಲೋಕವನ್ನು ಹೇಗೆ ಹಿಗ್ಗಿಸಬೇಕೆಂದು ಅವರಿಗೆ ತಿಳಿದಿತ್ತು. ನಮ್ಮಲ್ಲಿ ನಟನನ್ನು ಕರೆದುಕೊಂಡು ಹೋಗಿ ಬರಹಗಾರನನ್ನು ಮನೆಯಲ್ಲಿ ಬಿಟ್ಟದ್ದೇ ಹೆಚ್ಚು. ಹಾಗಾದಾಗ ಚಿತ್ರಮಂದಿರಕ್ಕೆ ತಲುಪುವುದು ಮುಖ, ದನಿ ಮತ್ತು ಹಳೆಯ ನಗೆಯ ನೆನಪು.

ಈಗ ಕಾಲ ಮತ್ತೊಂದು ಸುತ್ತು ಬಂದಿದೆ. ಜೀ ಕನ್ನಡದಲ್ಲಿ 2016ರಲ್ಲಿ ಆರಂಭವಾದ 'ಕಾಮಿಡಿ ಕಿಲಾಡಿಗಳು' ಹಳ್ಳಿ, ಸಣ್ಣ ಪಟ್ಟಣಗಳ ಹುಡುಗ ಹುಡುಗಿಯರನ್ನು ಮುಂದೆ ತಂದಿತು. ಅಲ್ಲಿ ಗೆದ್ದ ಶಿವರಾಜ್ ಕೆ.ಆರ್. ಪೇಟೆ 'ನಾನು ಮತ್ತು ಗುಂಡ' (2020) ಚಿತ್ರದಲ್ಲಿ ಆಟೋ ಚಾಲಕನಾಗಿ ನಾಯಕನ ಸ್ಥಾನಕ್ಕೆ ಬಂದರು. ಜೊತೆಗಿದ್ದದ್ದು ಒಂದು ನಾಯಿ. ಅವರ ಹೆಸರಿನಲ್ಲಿ ಕಾರ್ಯಕ್ರಮವಿಲ್ಲ, ಊರಿದೆ. ಧಾರಾವಾಹಿಯ ಹೆಸರು ಹೊತ್ತವರ ಸಾಲಿಗೆ ಊರಿನ ಹೆಸರು ಹೊತ್ತವರು ಮತ್ತೆ ಬರುತ್ತಿರುವುದು ಸಣ್ಣ ಸಂಗತಿಯಲ್ಲ. ಗುಬ್ಬಿ ಎಂಬ ಊರು ವೀರಣ್ಣನವರಿಗೆ ಹೆಸರಾದ ದಿನಗಳು ನೆನಪಾಗುತ್ತವೆ.

ಇನ್ನೊಂದು ಬದಲಾವಣೆ ಅಷ್ಟು ಸಂತೋಷದ್ದಲ್ಲ. ತಾಲ್ಲೂಕು ಪಟ್ಟಣಗಳಲ್ಲಿ ಟೆಂಟುಗಳು ಎಂದೋ ಹೋದವು, ಚಿತ್ರಮಂದಿರಗಳೂ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನಗೆ ಈಗ ಒಬ್ಬೊಬ್ಬರ ಅಂಗೈಯ ಫೋನಿನಲ್ಲಿ, ಒಂದೊಂದು ನಿಮಿಷದ ತುಣುಕಾಗಿ ಬರುತ್ತದೆ. 'ಪಾಪ ಪಾಂಡು'ವಿನ ತುಣುಕೂ, ನರಸಿಂಹರಾಜು ಅವರ ದೃಶ್ಯವೂ, ಮೊನ್ನೆಯ ಹುಡುಗನ ಚೇಷ್ಟೆಯೂ ಒಂದರ ಹಿಂದೊಂದು ಸಾಗುತ್ತವೆ. ಆದರೆ ಹಾಸ್ಯಗಾರ ಬಯಸುವುದು ಒಟ್ಟಿಗೆ ಕೂತ ಜನರನ್ನು. ಒಬ್ಬ ನಕ್ಕಾಗ ಪಕ್ಕದವನೂ ನಗುತ್ತಾನೆ, ಅವನನ್ನು ನೋಡಿ ಹಿಂದಿನ ಸಾಲು. ಕಿರುತೆರೆಯ ಪಾತ್ರವನ್ನು ಹಿರಿತೆರೆಗೆ ತರಲು ಯಾರಾದರೂ ಮತ್ತೆ ಹೊರಟರೆ ಅದಕ್ಕೆ ಬಲವಾದ ಕಾರಣ ಇದೊಂದೇ. ಮನೆಮನೆಯಲ್ಲಿ ಬೇರೆ ಬೇರೆಯಾಗಿ ನಕ್ಕವರನ್ನು ಒಂದು ಸಂಜೆ ಒಂದೇ ಸೂರಿನಡಿ ಕೂರಿಸಬಹುದು. ಆಗ ಟಿ.ವಿ.ಯಲ್ಲಿ ಬಂದದ್ದನ್ನೇ ಮತ್ತೆ ತೋರಿಸಿದರೆ ಸಾಲದು. ಆ ಮನುಷ್ಯನಿಗೆ ಕಳೆದುಕೊಳ್ಳಲು ಏನನ್ನಾದರೂ ಕೊಡಬೇಕು, ಅವನನ್ನು ಬರೆದವರನ್ನೂ ಜೊತೆಗೆ ಕರೆದೊಯ್ಯಬೇಕು.